ವರ್ಗಪ್ರಕೃತಿ: ಇತಿಹಾಸ

ಒಂದು ಪೂರ್ಣಾಂಕದ ವರ್ಗವನ್ನು 92ರಿಂದ ಗುಣಿಸಿ 1 ಕೂಡಿಸಿದರೆ ಇನ್ನೊಂದು ಪೂರ್ಣಾಂಕದ ವರ್ಗವೇ ಬರಬೇಕು. ಆ ಎರಡು ಸಂಖ್ಯೆಗಳು ಯಾವುವು? 92ರ ಜಾಗದಲ್ಲಿ ವರ್ಗವಲ್ಲದ ಬೇರಾವ ಸಂಖ್ಯೆಯನ್ನಿಟ್ಟೂ ಇದನ್ನೇ ಕೇಳಬಹುದು. ಭಾರತೀಯ ಗಣಿತದಲ್ಲಿ ಈ ಬಗೆಯ ಸಮಸ್ಯೆಗೆ ವರ್ಗಪ್ರಕೃತಿ ಎಂದು ಹೆಸರು. ಪದವಿ ತರಗತಿಯ ಸಂಖ್ಯಾಸಿದ್ಧಾಂತದಲ್ಲಿ ಇದನ್ನೇ ‘ಪೆಲ್ ಸಮೀಕರಣ’ ಎಂದು ಕಲಿಸುತ್ತಾರೆ. ಈ ಹೆಸರು ತಪ್ಪಿನಿಂದ ಬಂದದ್ದು. ಇಂಗ್ಲೆಂಡಿನ ಲಾರ್ಡ್ ಬ್ರೌಂಕರ್ ಕಂಡುಕೊಂಡ ವಿಧಾನವನ್ನು ಆಯ್ಲರ್ 18ನೇ ಶತಮಾನದಲ್ಲಿ ಜಾನ್ ಪೆಲ್ಲನದೆಂದು ಬರೆದ. ತಪ್ಪು ಗೊತ್ತಾದ ಮೇಲೂ ಪಠ್ಯಪುಸ್ತಕಗಳು ಆ ಹೆಸರನ್ನು ಬಿಡಲಿಲ್ಲ.

ಈ ಸಮಸ್ಯೆಯನ್ನು ಶಾಸ್ತ್ರವಾಗಿ ಕಟ್ಟಿದವನು ಬ್ರಹ್ಮಗುಪ್ತ. 628ರ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಅವನು 92ರ ಲೆಕ್ಕವನ್ನು ಮುಂದಿಟ್ಟು, ವರ್ಷದೊಳಗೆ ಬಿಡಿಸಿದವನನ್ನು ಗಣಿತಜ್ಞನೆಂದು ಒಪ್ಪುತ್ತೇನೆ ಎನ್ನುತ್ತಾನೆ. ಅವನ ಸಾಧನ ‘ಭಾವನಾ’, ಎಂದರೆ ಎರಡು ಉತ್ತರಗಳನ್ನು ಬೆಸೆದು ಮೂರನೆಯದನ್ನು ಪಡೆಯುವ ಕ್ರಮ. 10ರ ವರ್ಗದಲ್ಲಿ 92 ಕಳೆದರೆ 8 ಉಳಿಯುತ್ತದೆ. ಬೇಕಾದದ್ದು 1. (10, 1) ಜೋಡಿಯನ್ನು ಅದರೊಡನೆಯೇ ಬೆಸೆದರೆ (192, 20) ಬರುತ್ತದೆ, ಶೇಷ 64. ಎರಡನ್ನೂ 8ರಿಂದ ಭಾಗಿಸಿದರೆ 24 ಮತ್ತು ಎರಡೂವರೆ. ಶೇಷ 1 ಆಯಿತು, ಆದರೆ ಭಿನ್ನರಾಶಿ ಉಳಿಯಿತು. ಇನ್ನೊಮ್ಮೆ ಬೆಸೆದರೆ 1151 ಮತ್ತು 120 ಸಿಗುತ್ತವೆ. ವರ್ಷ ಬೇಡ, ದಾರಿ ಗೊತ್ತಿದ್ದವರಿಗೆ ಅರ್ಧ ಪುಟ ಸಾಕು.

ಭಾವನಾ ಒಂದರಿಂದಲೇ ಎಲ್ಲ ಸಂಖ್ಯೆಗಳಿಗೂ ಉತ್ತರ ಸಿಗುವುದಿಲ್ಲ. ಆ ಕೊರತೆಯನ್ನು ತುಂಬಿದ್ದು ‘ಚಕ್ರವಾಲ’, ಎಂದರೆ ಶೇಷ 1 ಆಗುವವರೆಗೆ ಒಂದೇ ಕ್ರಮವನ್ನು ಮತ್ತೆ ಮತ್ತೆ ನಡೆಸುವ ವಿಧಾನ. ಸುಮಾರು 1150ರ ಭಾಸ್ಕರಾಚಾರ್ಯನ ‘ಬೀಜಗಣಿತ’ದಲ್ಲಿ 61ರ ಲೆಕ್ಕ ಇದಕ್ಕೆ ಉದಾಹರಣೆ. 8ರ ವರ್ಗದಲ್ಲಿ 61 ಕಳೆದರೆ ಶೇಷ 3. 8ಕ್ಕೆ ಕೂಡಿಸಿದಾಗ ಮೊತ್ತ 3ರಿಂದ ಭಾಗವಾಗಬೇಕು, ತನ್ನ ವರ್ಗ 61ಕ್ಕೆ ಸಮೀಪವಿರಬೇಕು, ಅಂಥ ಸಂಖ್ಯೆ 7. ಅದನ್ನು ಬಳಸಿದರೆ ಮುಂದಿನ ಜೋಡಿ (39, 5), ಶೇಷ −4. ಅಲ್ಲಿಂದ, ಶೇಷ −4 ಇದ್ದಾಗ ಬಳಸುವ ಬ್ರಹ್ಮಗುಪ್ತನ ಸೂತ್ರ ನೇರವಾಗಿ 1766319049 ಮತ್ತು 226153980 ಎಂಬ ಉತ್ತರಕ್ಕೆ ಒಯ್ಯುತ್ತದೆ. 61ಕ್ಕೆ ಇದಕ್ಕಿಂತ ಚಿಕ್ಕ ಉತ್ತರವೇ ಇಲ್ಲ.

ಚಕ್ರವಾಲ ಯಾರದು? ಬಹುಕಾಲ ಭಾಸ್ಕರನದೆಂದೇ ಬರೆಯಲಾಗುತ್ತಿತ್ತು. ಆದರೆ ಇದನ್ನು ಚಕ್ರವಾಲವೆಂದು ಕರೆಯುತ್ತಾರೆ ಎಂದು ಅವನೇ ಹೇಳಿದ್ದಾನೆ. ಹೆಸರಿಟ್ಟವರು ಹಿಂದಿನವರು ಎಂಬ ಸುಳಿವು ಆ ಮಾತಿನಲ್ಲೇ ಇತ್ತು. 1954ರಲ್ಲಿ ಲಖನೌದ ಕೃಪಾಶಂಕರ ಶುಕ್ಲ ಅದಕ್ಕೆ ಆಧಾರ ಒದಗಿಸಿದರು. ಇವನಿಗಿಂತ ಹಿಂದಿನ ಇನ್ನೊಬ್ಬ ಭಾಸ್ಕರನ ‘ಲಘುಭಾಸ್ಕರೀಯ’ಕ್ಕೆ ಉದಯದಿವಾಕರ 1073ರಲ್ಲಿ ಬರೆದ ‘ಸುಂದರೀ’ ವ್ಯಾಖ್ಯಾನದಲ್ಲಿ ಆಚಾರ್ಯ ಜಯದೇವನ ಶ್ಲೋಕಗಳಿದ್ದವು, ಅವುಗಳಲ್ಲಿ ಚಕ್ರವಾಲದ ವಿಧಾನವಿತ್ತು. ಜಯದೇವನ ಸ್ವಂತ ಗ್ರಂಥ ಸಿಕ್ಕಿಲ್ಲ. ಬೇರೊಬ್ಬನ ವ್ಯಾಖ್ಯಾನದಲ್ಲಿ ಉಳಿದ ಈ ಶ್ಲೋಕಗಳು ಚಕ್ರವಾಲದ ಕಾಲವನ್ನು ಮುಕ್ಕಾಲು ಶತಮಾನಕ್ಕಿಂತಲೂ ಹಿಂದಕ್ಕೆ ಒಯ್ದವು.

ಯುರೋಪಿನ ಕಥೆ ಎಲ್ಲ ಪಠ್ಯಗಳಲ್ಲೂ ಇದೆ. 1657ರಲ್ಲಿ ಫರ್ಮಾ ಸವಾಲು ಹಾಕಿದ, ಬ್ರೌಂಕರ್ ಬಿಡಿಸಿದ. ಉತ್ತರ ಎಂದಿಗೂ ಇದ್ದೇ ಇರುತ್ತದೆ ಎಂಬುದನ್ನು 1768ರಲ್ಲಿ ಲಗ್ರಾಂಜ್ ಸತತ ಭಿನ್ನರಾಶಿಗಳ ಮೂಲಕ ಸಾಧಿಸಿದ. ಫರ್ಮಾ ಫ್ರೆಂಚ್ ಗಣಿತಜ್ಞ ಫ್ರೆನಿಕಲ್‌ಗೆ ಒಡ್ಡಿದ ಸಂಖ್ಯೆಗಳಲ್ಲಿ ಭಾಸ್ಕರನ ಉದಾಹರಣೆಯ 61 ಕೂಡ ಇತ್ತು. ಆದರೆ ಕೋಲ್‌ಬ್ರೂಕ್ ಮಾಡಿದ ಬ್ರಹ್ಮಗುಪ್ತ, ಭಾಸ್ಕರರ ಇಂಗ್ಲಿಷ್ ಅನುವಾದ ಹೊರಬಂದದ್ದು 1817ರಲ್ಲಷ್ಟೇ.

ಚಕ್ರವಾಲ ಯಾವ ಸಂಖ್ಯೆಗಾದರೂ ಕೊನೆಗೆ 1ಕ್ಕೆ ಬಂದೇ ತೀರುತ್ತದೆಯೆ? ಹಳೆಯ ಗ್ರಂಥಗಳಲ್ಲಿ ವಿಧಾನವಿದೆ, ಈ ಪ್ರಶ್ನೆಗೆ ಸಾಧನೆಯಿಲ್ಲ. ಸಾಧನೆಯನ್ನು ಕೊಟ್ಟವರು ಮೈಸೂರು ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ಎ. ಎ. ಕೃಷ್ಣಸ್ವಾಮಿ ಅಯ್ಯಂಗಾರ್, ಕವಿ ಎ. ಕೆ. ರಾಮಾನುಜನ್ ಅವರ ತಂದೆ. ಭಾರತೀಯ ಗಣಿತ ಸಂಘದ ಪತ್ರಿಕೆಯ 1929–30ರ ಸಂಪುಟದಲ್ಲಿ ಅವರ ಲೇಖನವಿದೆ. ಚಕ್ರವಾಲವೂ ಲಗ್ರಾಂಜನ ವಿಧಾನವೂ ಒಂದೇ ಎಂದು ಹಲವರು ಬರೆದಿದ್ದರು. ಚಕ್ರವಾಲದ ಹಿಂದಿರುವುದು ಬೇರೆಯೇ ಬಗೆಯ ಸತತ ಭಿನ್ನರಾಶಿ ಎಂದು ಅಯ್ಯಂಗಾರ್ ತೋರಿಸಿದರು. ಈ ಕೆಲಸಕ್ಕೆ ಸಲ್ಲಬೇಕಾದಷ್ಟು ಪ್ರಚಾರ ಸಿಗಲಿಲ್ಲ. 1975ರಲ್ಲಿ ಗಣಿತಜ್ಞ ಸೆಲೆನಿಯಸ್ ಚಕ್ರವಾಲದ ಒಳತರ್ಕವನ್ನು ಮತ್ತೆ ವಿವರವಾಗಿ ಪರಿಶೀಲಿಸಿದರು. ಭಾವನಾದ ಒಳದಾರಿ ಹಿಡಿಯದೆ ಕೊನೆಯವರೆಗೂ ನಡೆದರೂ 61ಕ್ಕೆ ಚಕ್ರವಾಲದಲ್ಲಿ 14 ಹಂತ, ಲಗ್ರಾಂಜನ ವಿಧಾನದಲ್ಲಿ 22.