ಪಟ್ಟಿಯಲ್ಲಿಲ್ಲದ ನಾಯಿ

ಲಂಡನ್ನಿನ ಶರೀರಕ್ರಿಯಾ ವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್ (1866–1927) ಪ್ರಕಟಿಸಿದ ಮುಖ್ಯ ಬರಹಗಳನ್ನು ವರ್ಷವಾರು ಬರೆದುಕೊಂಡರೆ ಅಚ್ಚುಕಟ್ಟಾದ ಒಂದು ಪಟ್ಟಿ ಸಿಗುತ್ತದೆ. 1896ರಲ್ಲಿ ಅಂಗಾಂಶಗಳ ನಡುವಿನ ದ್ರವ ರಕ್ತನಾಳಗಳಿಗೆ ಮರಳುವ ಬಗೆ. 1902ರಲ್ಲಿ ಮೇದೋಜ್ಜೀರಕ ಗ್ರಂಥಿ ರಸ ಸುರಿಸುವ ಬಗೆ. 1905ರಲ್ಲಿ ಹಾರ್ಮೋನುಗಳ ಕುರಿತ ಉಪನ್ಯಾಸಗಳು. 1912ರಲ್ಲಿ ವಿದ್ಯಾರ್ಥಿಗಳಿಗಾಗಿ ಬರೆದ ದಪ್ಪನೆಯ ಪಠ್ಯಪುಸ್ತಕ. 1918ರಲ್ಲಿ ಹೃದಯದ ನಿಯಮ. ಒಂದೊಂದು ಸಾಲೂ ಒಂದೊಂದು ಸಾಧನೆ. ಆದರೆ 1902 ಮತ್ತು 1905ರ ನಡುವೆ ಒಂದು ನಾಯಿ ಸತ್ತಿತು, ನ್ಯಾಯಾಲಯದಲ್ಲಿ ಒಂದು ಮೊಕದ್ದಮೆ ನಡೆಯಿತು. ಅದು ಈ ಪಟ್ಟಿಯಲ್ಲಿ ಕಾಣುವುದಿಲ್ಲ.

ಮೊದಲು ಸಾಧನೆಯ ಕತೆ. ಜಠರದಿಂದ ಹುಳಿಯಾದ ಆಹಾರ ಸಣ್ಣ ಕರುಳಿಗೆ ಇಳಿದೊಡನೆ ಮೇದೋಜ್ಜೀರಕ ಗ್ರಂಥಿ ಜೀರ್ಣರಸ ಸುರಿಸುತ್ತದೆ. ಕರುಳಿನ ಸುದ್ದಿ ಗ್ರಂಥಿಗೆ ತಲುಪುವುದಾದರೂ ಹೇಗೆ? ನರಗಳ ಮೂಲಕ ಎಂಬುದು ರಷ್ಯಾದ ಪಾವ್ಲೋವ್ ಮತ್ತು ಅವರ ಶಿಷ್ಯರ ನಿಲುವು. 1902ರ ಜನವರಿ 16ರಂದು ಸ್ಟಾರ್ಲಿಂಗ್ ಮತ್ತು ಅವರ ಭಾವಮೈದುನ ವಿಲಿಯಂ ಬೇಲಿಸ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇದನ್ನು ಪರೀಕ್ಷಿಸಿದರು. ಅರಿವಳಿಕೆ ಕೊಟ್ಟ ನಾಯಿಯೊಂದರ ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ರಕ್ತನಾಳಗಳನ್ನಷ್ಟೇ ಉಳಿಸಿ, ಅದರೊಳಗೆ ಆಮ್ಲ ಹಾಕಿದರು. ನರವಿಲ್ಲದೆಯೂ ಗ್ರಂಥಿ ರಸ ಸುರಿಸಿತು. ಕರುಳಿನ ಒಳಪೊರೆಯನ್ನು ಕೆರೆದು, ಮರಳು ಮತ್ತು ಆಮ್ಲದೊಡನೆ ಅರೆದು, ಸೋಸಿ, ರಕ್ತಕ್ಕೆ ಸೇರಿಸಿದಾಗಲೂ ಅದೇ ಫಲ. ಸುದ್ದಿ ಒಯ್ದದ್ದು ನರವಲ್ಲ, ರಕ್ತದಲ್ಲಿ ಹರಿಯುವ ಒಂದು ವಸ್ತು. ಅದಕ್ಕೆ ಅವರಿಟ್ಟ ಹೆಸರು ಸೆಕ್ರೆಟಿನ್.

ಇದೇ ಗ್ರಂಥಿಯ ಅಧ್ಯಯನ ಮುಂದುವರಿಯಿತು. 1902ರ ಡಿಸೆಂಬರಿನಲ್ಲಿ ಸ್ಟಾರ್ಲಿಂಗ್ ಕಂದು ಬಣ್ಣದ ಒಂದು ಬೀದಿನಾಯಿಯ ಮೇದೋಜ್ಜೀರಕ ನಾಳವನ್ನು ಕಟ್ಟಿದರು. 1903ರ ಫೆಬ್ರವರಿ 2ರಂದು ಮತ್ತೆ ಹೊಟ್ಟೆ ತೆರೆದು ಪರಿಣಾಮ ನೋಡಿದರು. ಆಮೇಲೆ ಅದೇ ನಾಯಿಯನ್ನು ಬೇಲಿಸ್ ತಮ್ಮ ಪಾಠಕ್ಕೆ ತೆಗೆದುಕೊಂಡರು. ಸುಮಾರು 60 ವಿದ್ಯಾರ್ಥಿಗಳ ಮುಂದೆ ಜೊಲ್ಲುಗ್ರಂಥಿಯ ಬಗ್ಗೆ ಏನನ್ನೋ ತೋರಿಸಲು ಹೋದರು, ಅದು ಫಲಿಸಲಿಲ್ಲ. ಕೊನೆಗೆ ಹೆನ್ರಿ ಡೇಲ್ ಎಂಬ ಯುವ ಸಂಶೋಧಕ ಗ್ರಂಥಿಯನ್ನು ತೆಗೆದುಕೊಂಡು ನಾಯಿಯನ್ನು ಕೊಂದರು. 1936ರಲ್ಲಿ ನೊಬೆಲ್ ಪಡೆದ ಡೇಲ್ ಇವರೇ.

ಆ ತರಗತಿಯಲ್ಲಿ ಸ್ವೀಡನ್ನಿನ ಇಬ್ಬರು ಯುವತಿಯರಿದ್ದರು: ಲಿಜ್ಜಿ ಲಿಂಡ್ ಅಫ್ ಹಾಗೆಬಿ ಮತ್ತು ಲೀಸಾ ಶಾರ್ಟಾವ್. ಪ್ರಾಣಿಪ್ರಯೋಗವನ್ನು ವಿರೋಧಿಸುತ್ತಿದ್ದ ಅವರು ಕಂಡದ್ದನ್ನು ದಿನಚರಿಯಲ್ಲಿ ಬರೆದು ಪುಸ್ತಕ ಮಾಡಿದರು. ನಾಯಿ ಒದ್ದಾಡುತ್ತಿತ್ತು, ಅರಿವಳಿಕೆಯ ವಾಸನೆ ಬರಲಿಲ್ಲ, ವಿದ್ಯಾರ್ಥಿಗಳು ನಗುತ್ತಿದ್ದರು ಎಂಬುದು ಅವರ ಮಾತು. ಸ್ಟೀಫನ್ ಕೋಲ್ರಿಜ್ ಎಂಬ ವಕೀಲರು ಇದನ್ನು ಸಭೆಯಲ್ಲಿ ಸಾರಿದಾಗ ಬೇಲಿಸ್ ಮಾನನಷ್ಟ ಮೊಕದ್ದಮೆ ಹೂಡಿದರು. ನಾಯಿಗೆ ಅರಿವಳಿಕೆ ಕೊಟ್ಟಿತ್ತು ಎಂದು ನಂಬಿದ ಜ್ಯೂರಿ ಬೇಲಿಸರ ಪರ ತೀರ್ಪಿತ್ತು 2,000 ಪೌಂಡ್ ಪರಿಹಾರ ಕೊಡಿಸಿತು. ಆ ಹಣವನ್ನು ಅವರು ಕಾಲೇಜಿನ ಸಂಶೋಧನೆಗೇ ಕೊಟ್ಟರು. ಆದರೆ ಸಾಕ್ಷಿ ಕಟ್ಟೆಯಲ್ಲಿ ಸ್ಟಾರ್ಲಿಂಗ್ ಒಂದನ್ನು ಒಪ್ಪಿಕೊಳ್ಳಬೇಕಾಯಿತು: ಒಂದೇ ನಾಯಿಯನ್ನು ಎರಡು ಸಲ ಬಳಸಿದ್ದು 1876ರ ಕಾಯಿದೆಗೆ ವಿರುದ್ಧ. ಎರಡನೆಯ ನಾಯಿಯ ಜೀವ ಉಳಿಸಲು ಹಾಗೆ ಮಾಡಿದೆ ಎಂದರು.

ಎರಡು ವರ್ಷಗಳ ನಂತರ, 1905ರ ಜೂನಿನಲ್ಲಿ, ವೈದ್ಯರ ರಾಯಲ್ ಕಾಲೇಜಿನ ಉಪನ್ಯಾಸದಲ್ಲಿ ಸ್ಟಾರ್ಲಿಂಗ್ ‘ಹಾರ್ಮೋನ್’ ಎಂಬ ಪದವನ್ನು ಬಳಕೆಗೆ ತಂದರು. ಗ್ರೀಕ್ ಮೂಲದಲ್ಲಿ ಅದರರ್ಥ ಪ್ರಚೋದಿಸು, ಎಬ್ಬಿಸು. ಕನ್ನಡದಲ್ಲಿ ಕೆಲವರು ‘ರಸದೂತ’ ಎನ್ನುತ್ತಾರೆ. ಇವನ್ನು ರಾಸಾಯನಿಕ ದೂತರೆಂದು ಸ್ಟಾರ್ಲಿಂಗರೇ ಕರೆದಿದ್ದರಿಂದ ಈ ಹೆಸರು ಅವರ ಕಲ್ಪನೆಗೆ ಇನ್ನೂ ಹತ್ತಿರ.

ಮರುವರ್ಷ, 1906ರಲ್ಲಿ, ಬ್ಯಾಟರ್‌ಸೀಯಲ್ಲಿ ಆ ನಾಯಿಯ ಪ್ರತಿಮೆ ಎದ್ದಿತು. ಅದನ್ನು ಕೆಡವಲು ವೈದ್ಯಕೀಯ ವಿದ್ಯಾರ್ಥಿಗಳೇ ಬೀದಿಗಿಳಿದರು, 1907ರಲ್ಲಿ ಗಲಭೆಯಾಯಿತು, 1910ರಲ್ಲಿ ಪ್ರತಿಮೆಯನ್ನು ರಾತ್ರೋರಾತ್ರಿ ತೆಗೆಸಲಾಯಿತು. 1985ರಲ್ಲಿ ಬೇರೊಂದು ಪ್ರತಿಮೆ ಬಂತು.

ಇಲ್ಲಿ ಯಾರನ್ನೂ ಖಳರೆನ್ನುವುದು ಸುಲಭವಲ್ಲ. ಇನ್ಸುಲಿನ್ ಪಡೆದು ಬದುಕುವ ಪ್ರತಿಯೊಬ್ಬರೂ ಹಾರ್ಮೋನು ವಿಜ್ಞಾನದ ಋಣದಲ್ಲಿದ್ದಾರೆ. ಆದರೂ ಆ ಯುವತಿಯರ ಪ್ರಶ್ನೆಯನ್ನು ತೀರ್ಪು ಮುಗಿಸಲಿಲ್ಲ. ಪ್ರಯೋಗಾಲಯದ ಬಾಗಿಲು ಮುಚ್ಚಿದ್ದಾಗ ವಿಜ್ಞಾನಿ ತನಗೆ ತಾನೇ ಉತ್ತರ ಹೇಳಿಕೊಂಡರೆ ಸಾಕಿತ್ತು. ತರಗತಿಗೆ ಬಂದೊಡನೆ ಬೆಂಚಿನ ಮೇಲೆ ಕುಳಿತವರಿಗೂ ಉತ್ತರ ಹೇಳಬೇಕಾಯಿತು. ಕಲಿಸುವುದು ಎಂದರೆ ತೋರಿಸುವುದಾದರೆ, ತೋರಿಸಿದ್ದನ್ನೆಲ್ಲ ನೋಡುವ ಹಕ್ಕು ಕಲಿಯುವವರಿಗೆ ಬರುತ್ತದೆ. ಆ ದಿನ 60 ಮಂದಿಯಲ್ಲಿ ಇಬ್ಬರು ಜೊಲ್ಲುಗ್ರಂಥಿಯನ್ನು ಬಿಟ್ಟು ನಾಯಿಯನ್ನು ನೋಡಿದರು.