ದುಭಾಷಿಯ ಆಚೆಗಿನ ಬಳಕೆದಾರ

ಒಂದು ದೇಶದಲ್ಲಿ ಮಾಡಿದ ಆ್ಯಪ್ ಅಥವಾ ಉಪಕರಣವನ್ನು ಇನ್ನೊಂದು ದೇಶದವರು ಹೇಗೆ ಬಳಸುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂದು ಎದುರು ಕೂತು ನೋಡಿ ಕೇಳಿ ತಿಳಿಯುವುದು ಬಳಕೆದಾರ ಸಂಶೋಧನೆಯ ಒಂದು ಬಗೆ. ಇದರಲ್ಲಿ ಭಾಷೆಯ ತೊಡಕು ಎಲ್ಲೆಲ್ಲಿ ಎದುರಾಗುತ್ತದೆ ಎಂಬುದಕ್ಕೆ ಜಪಾನ್ ಒಳ್ಳೆಯ ಉದಾಹರಣೆ.

ಯಾರನ್ನು ಮಾತಾಡಿಸುವುದು?

ಇಂಗ್ಲಿಷ್ ಬಲ್ಲ ಜಪಾನೀಯರನ್ನೇ ಆರಿಸಿ ಕೆಲಸ ಮುಗಿಸುವುದು ಅಗ್ಗದ ದಾರಿ. ದಾರಿ ತಪ್ಪಿಸುವುದೂ ಅದೇ. ಅಂಥವರಲ್ಲಿ ಅನೇಕರು ಹೊರದೇಶದಲ್ಲಿ ಓದಿದವರು, ವಿದೇಶಿ ತಂತ್ರಾಂಶ ಬಳಸಿ ಪಳಗಿದವರು. ಸಾಮಾನ್ಯ ಗ್ರಾಹಕರು ಎಡವುವ ಕಡೆ ಅವರು ಎಡವುವುದಿಲ್ಲ.

ಸಂದರ್ಶನದ ಕೋಣೆ

ಸ್ಥಳೀಯ ಸಂಶೋಧಕರೇ ಜಪಾನಿಯಲ್ಲಿ ಸಂದರ್ಶನ ನಡೆಸಿ, ಹೊರಗಿನ ತಂಡ ಪಕ್ಕದ ಕೋಣೆಯಲ್ಲೋ ಆನ್‌ಲೈನಿನಲ್ಲೋ ದುಭಾಷಿಯ ಮೂಲಕ ಕೇಳಿಸಿಕೊಳ್ಳುವುದು ಉತ್ತಮ ಏರ್ಪಾಡು. ಎದುರಿಗಿರುವವರ ಮಾತು ತುಂಡಾಗುವುದಿಲ್ಲ. ಮಾತು ನಿಲ್ಲಿಸಿ ನಿಲ್ಲಿಸಿ ಅನುವಾದಿಸಿದರೆ ಸಮಯ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಜೊತೆಜೊತೆಗೇ ಅನುವಾದಿಸುವುದು ಬಹಳ ದಣಿವಿನ ಕೆಲಸ. ಹಾಗಾಗಿ ಇಬ್ಬರು ದುಭಾಷಿಗಳು 20ರಿಂದ 30 ನಿಮಿಷಕ್ಕೊಮ್ಮೆ ಸರದಿ ಬದಲಿಸಿಕೊಳ್ಳುವುದು ವಾಡಿಕೆ. ಕನ್ನಡದ ಹಾಗೆ ಜಪಾನಿಯಲ್ಲೂ ಕ್ರಿಯಾಪದ, ನಿಷೇಧ ಎರಡೂ ವಾಕ್ಯದ ಕೊನೆಗೆ ಬರುತ್ತವೆ. ಇಂಗ್ಲಿಷಿಗೆ ತರುವವರು ಅಲ್ಲಿಯತನಕ ಕಾಯಬೇಕು, ಇಲ್ಲವೇ ಊಹಿಸಬೇಕು.

ದುಭಾಷಿಗೆ ಆ್ಯಪಿನ ಪರದೆಗಳನ್ನೂ ಪ್ರಶ್ನೆಗಳನ್ನೂ ಮೊದಲೇ ಕೊಟ್ಟಿರಬೇಕು. ಅದಕ್ಕಿಂತ ಮುಖ್ಯವಾಗಿ, ಬಳಕೆದಾರರ ತೊದಲು, ಅರ್ಧಕ್ಕೆ ಬಿಟ್ಟ ಮಾತು ಯಾವುದನ್ನೂ ತಿದ್ದಿ ಚೆಂದಗಾಣಿಸಬಾರದೆಂದು ಹೇಳಿರಬೇಕು. ಸಂಶೋಧಕರಿಗೆ ಬೇಕಾದದ್ದೇ ಆ ತೊದಲು.

ಪ್ರಶ್ನಾವಳಿ

ಪ್ರಶ್ನಾವಳಿಯ ಅನುವಾದವನ್ನು ಇನ್ನೊಬ್ಬರಿಂದ ಮತ್ತೆ ಮೂಲಭಾಷೆಗೆ ತಿರುಗಿಸಿ ಹೋಲಿಸುವ ಕ್ರಮವನ್ನು ಮನಶ್ಶಾಸ್ತ್ರಜ್ಞ ರಿಚರ್ಡ್ ಬ್ರಿಸ್ಲಿನ್ 1970ರ ಲೇಖನವೊಂದರಲ್ಲಿ ವಿವರಿಸಿದರು. ಇದರಲ್ಲೊಂದು ಲೋಪವಿದೆ: ಪದಕ್ಕೆ ಪದವಿಟ್ಟ ಒಣ ಅನುವಾದ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ! 2002ರಲ್ಲಿ ಮೊದಲ ಸುತ್ತು ನಡೆಸಿದ, ಹಲವು ದೇಶಗಳ ಸಮೀಕ್ಷೆಯಾದ ಯುರೋಪಿಯನ್ ಸೋಷಿಯಲ್ ಸರ್ವೆ, ಸಮೀಕ್ಷಾ ತಜ್ಞೆ ಜಾನೆಟ್ ಹಾರ್ಕ್‌ನೆಸ್ ರೂಪಿಸಿದ ಬೇರೆ ಕ್ರಮವನ್ನು ಅನುಸರಿಸುತ್ತದೆ. ಅನುವಾದಕರು ಬೇರೆಬೇರೆಯಾಗಿ ಅನುವಾದಿಸಿ, ಕೂತು ಚರ್ಚಿಸಿ, ಒಂದನ್ನು ತೀರ್ಮಾನಿಸಿ, ಜನರ ಮೇಲೆ ಪ್ರಯೋಗಿಸಿ ನೋಡಿ, ಪ್ರತಿ ಬದಲಾವಣೆಯನ್ನೂ ದಾಖಲಿಸುತ್ತಾರೆ. ಕೆಲವೇ ಜನರ ಜೊತೆ ನಡೆಸುವ ಸಣ್ಣ ಅಧ್ಯಯನಕ್ಕೆ ಇಷ್ಟೆಲ್ಲ ಬೇಕಿಲ್ಲ. ಆದರೆ ಜೊತೆಗೆ ಕೂತು ಚರ್ಚಿಸುವುದನ್ನಂತೂ ಬಿಡಬಾರದು.

ಅಂಕ ಮತ್ತು ಬೆರಳು

ಉತ್ತರ ಸರಿಯಾಗಿ ಅನುವಾದಗೊಂಡರೂ ಅಂಕಗಳು ಮೋಸ ಮಾಡಬಹುದು. ಜಪಾನ್ ಮತ್ತು ತೈವಾನಿನ ವಿದ್ಯಾರ್ಥಿಗಳು ಅಮೆರಿಕ, ಕೆನಡಾದವರಿಗಿಂತ ಹೆಚ್ಚಾಗಿ ಅಳತೆಪಟ್ಟಿಯ ನಡುವಿನ ಅಂಕವನ್ನೇ ಆರಿಸುತ್ತಾರೆಂದು 1995ರ ಅಧ್ಯಯನವೊಂದು ತೋರಿಸಿತು. ಅವರ 5ನ್ನೂ ಇವರ 5ನ್ನೂ ನೇರವಾಗಿ ತೂಗುವಂತಿಲ್ಲ. ಹಾಗೆಯೇ, ನಿಮ್ಮ ಮಾತು ಕೇಳಿಸಿಕೊಳ್ಳುವವರು ತಲೆಯಾಡಿಸಿದರೆ ಅದು ಒಪ್ಪಿಗೆಯೆಂದೂ ಅಲ್ಲ.

ಆದ್ದರಿಂದ ಅಭಿಪ್ರಾಯ ಕೇಳುವ ಮೊದಲು ಕೆಲಸವೊಂದನ್ನು ಕೊಟ್ಟು ಬೆರಳು ಎಲ್ಲಿ ನಿಲ್ಲುತ್ತದೆಂದು ನೋಡಬೇಕು. ಜಪಾನಿನ ಅರ್ಜಿಗಳಲ್ಲಿ ಕಾಂಜಿಯಲ್ಲಿ (ಚೀನೀ ಮೂಲದ ಅಕ್ಷರಗಳಲ್ಲಿ) ಬರೆದ ಹೆಸರಿನ ಉಚ್ಚಾರವನ್ನು ಕಾನಾ ಎಂಬ ಧ್ವನಿಲಿಪಿಯಲ್ಲಿ ತುಂಬಲು ಬೇರೆ ಖಾನೆ ಇರುವುದು ರೂಢಿ. ಅದಿಲ್ಲದ ಪರದೆಯ ಮುಂದೆ ಬಳಕೆದಾರರು ಕ್ಷಣ ಹೊತ್ತು ಮೇಲೆ ಕೆಳಗೆ ಹುಡುಕಿ, ಆಮೇಲೆ ‘ತೊಂದರೆಯೇನಿಲ್ಲ’ ಎಂದಾರು. ವರದಿಯಲ್ಲಿ ಆ ಉತ್ತರದ ಮೂಲ ಜಪಾನಿ ವಾಕ್ಯ, ಅನುವಾದ, ಹುಡುಕಾಡಿದ ಸಮಯ ಮೂರನ್ನೂ ಒಂದೇ ಸಾಲಿನಲ್ಲಿ ದಾಖಲಿಸಬೇಕು.