ಅವಳಿ ಶಿಶುಗಳಿಗೆ ತಾವಾಗಿಯೇ ನಿದ್ರಿಸುವ ರೂಢಿ: ಪೋಷಕರಿಗೆ ಮಾಹಿತಿ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳ ಪೋಷಕರ ಮಾಹಿತಿಗಾಗಿ: ಅವಳಿ ಶಿಶುಗಳು ಅನೇಕ ವೇಳೆ ಅವಧಿಗೆ ಮುನ್ನ, ಕಡಿಮೆ ತೂಕದೊಂದಿಗೆ ಜನಿಸುತ್ತವೆ. ಆದುದರಿಂದ ಮೊದಲ ತಿಂಗಳುಗಳಲ್ಲಿ ನಿದ್ರೆಯ ಸಲುವಾಗಿ ರಾತ್ರಿಯ ಹಾಲೂಡಿಕೆಯನ್ನು ನಿಲ್ಲಿಸತಕ್ಕದ್ದಲ್ಲ. ತಾವಾಗಿಯೇ ನಿದ್ರಿಸುವ ರೂಢಿಯನ್ನು ಸಾಮಾನ್ಯವಾಗಿ 4ರಿಂದ 6 ತಿಂಗಳ ವಯಸ್ಸಿನಲ್ಲಿ ಆರಂಭಿಸಬಹುದು. ಅವಧಿಪೂರ್ವ ಶಿಶುಗಳ ವಯಸ್ಸನ್ನು ಇದಕ್ಕಾಗಿ ಜನಿಸಿದ ದಿನದಿಂದಲ್ಲ, ವೈದ್ಯರು ತಿಳಿಸಿದ್ದ ನಿರೀಕ್ಷಿತ ಹೆರಿಗೆಯ ದಿನಾಂಕದಿಂದ ಎಣಿಸಬೇಕು.

ಹಾಲುಣಿಸಿ, ದೀಪ ತಗ್ಗಿಸಿ, ಎರಡೂ ಶಿಶುಗಳನ್ನು ಒಂದೇ ಹೊತ್ತಿಗೆ, ಕಣ್ಣು ಮುಚ್ಚುವ ಮುನ್ನವೇ ಮಲಗಿಸಬೇಕು. ತೂಗಿದರೆ ಮಾತ್ರ ನಿದ್ರಿಸುವ ಶಿಶುವು ನಡುರಾತ್ರಿ ಎಚ್ಚರಗೊಂಡಾಗಲೂ ಅದನ್ನೇ ಬಯಸುತ್ತದೆ. ಎರಡು ತೊಟ್ಟಿಲು ತೂಗುವ ತಾಯಿಗೆ ವಿಶ್ರಾಂತಿ ಎಲ್ಲಿಯದು? ತೂಗುವುದನ್ನು ದಿನೇ ದಿನೇ ಕಡಿಮೆ ಮಾಡುತ್ತಾ ಜೋಗುಳವನ್ನು ಮುಂದುವರಿಸಬಹುದು. ಹಸಿವಿನಿಂದ ಒಂದು ಶಿಶು ಎದ್ದಾಗ ಇನ್ನೊಂದಕ್ಕೂ ಹಾಲುಣಿಸಿದಲ್ಲಿ ತಾಯಿಗೆ ಕೆಲಕಾಲ ನಿದ್ರೆ ದೊರೆಯುತ್ತದೆ.

ಪ್ರತಿ ಶಿಶುವನ್ನು ಪ್ರತ್ಯೇಕವಾದ, ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸತಕ್ಕದ್ದು. ಪಕ್ಕದಲ್ಲಿ ದಿಂಬು, ಸಡಿಲವಾದ ಕೌದಿ ಇರಬಾರದು.

ರಾತ್ರಿಯ ಹಾಲನ್ನು ಕಡಿಮೆ ಮಾಡುವ ಮುನ್ನ ಅಂಗನವಾಡಿಯಲ್ಲಿ ಎರಡೂ ಶಿಶುಗಳ ತೂಕವನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ, ವೈದ್ಯರ ಸಲಹೆ ಪಡೆಯಬೇಕು. ಒಂದಕ್ಕೆ ಸಾಕಾದದ್ದು ಇನ್ನೊಂದಕ್ಕೆ ಸಾಲದಿರಬಹುದು. ಶಿಶುವು ಹಾಲು ಕುಡಿಯದಿದ್ದಲ್ಲಿ, ಎಬ್ಬಿಸಿದರೂ ಏಳದಿದ್ದಲ್ಲಿ ಅಥವಾ ಉಸಿರಾಟಕ್ಕೆ ಕಷ್ಟಪಟ್ಟಲ್ಲಿ ತಕ್ಷಣ 108 ಸಂಖ್ಯೆಗೆ ಕರೆ ಮಾಡುವುದು.